80 ಕಂಬ 63 ಆದದ್ದು ಹೇಗೆ?

ಪ್ರಶ್ನೆ: ಮಗಳ ಕುಬಸ ಮುಗಿಯಿತು. ಹುಟ್ಟುವ ಕೂಸಿಗೆ ಹೊದಿಸಲೆಂದು ಕ್ರೋಶಾದಲ್ಲಿ ಒಂದು ಶಾಲು ಹಾಕುತ್ತಿದ್ದೇನೆ. 80 ಕಂಬದಿಂದ (ಕಂಬದಂತೆ ನೆಟ್ಟಗೆ ನಿಲ್ಲುವ ಉದ್ದ ಹೊಲಿಗೆ) ಶುರು ಮಾಡಿದೆ. 18 ಸಾಲು ಆದ ಮೇಲೆ ಹಾಸಿಗೆಯ ಮೇಲೆ ಹರವಿ ನೋಡಿದರೆ ಕೆಳಗೆ ಅಗಲ, ಮೇಲೆ ಸಣ್ಣ. ಗುಡಿಯ ಶಿಖರದ ಹಾಗೆ ಕಾಣುತ್ತಿದೆ. ಎಣಿಸಿದರೆ 63 ಕಂಬ. ಒಂದನ್ನೂ ಬಿಟ್ಟ ನೆನಪಿಲ್ಲ. ಮನೆಗೆಲಸದ ನಡುವೆ ಎದ್ದು ಕೂತು ಮಾಡುವುದರಿಂದ ಹೀಗಾಯಿತೇ?
(ಬಾಗಲಕೋಟೆ ನವನಗರದ ಓದುಗರು)

ಉತ್ತರ: ಎಣಿಸಿ ಬರೆದಿರಲ್ಲ, ಅರ್ಧ ಕೆಲಸ ಮುಗಿಯಿತು. ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರಲ್ಲಿ ಹೆಚ್ಚಿನವರು "ಕೈ ಬಿಗಿಯಾಯಿತೇನೋ" ಎಂದು ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ, ಕಂಬ ಎಷ್ಟಿವೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಕೈ ಬಿಗಿಯಾದರೂ ಶಾಲು ಕಿರಿದಾಗುತ್ತದೆ, ನಿಜ. ಆದರೆ ಆಗ ಎಣಿಸಿದರೆ 80 ಇದ್ದೇ ಇರುತ್ತದೆ.

ನಿಮ್ಮ ಲೆಕ್ಕ ನೋಡಿ. 80ರಲ್ಲಿ 63 ಕಳೆದರೆ 17. ಮೊದಲ ಸಾಲಿನ ನಂತರ ನೀವು ಹಾಕಿದ ಸಾಲುಗಳೂ 17. ಅಂದರೆ ಸಾಲಿಗೊಂದು ಕಂಬ, ತಿಂಗಳ ಬಾಡಿಗೆಯ ಹಾಗೆ ತಪ್ಪದೆ ಹೋಗುತ್ತಿದೆ. ಮನಸ್ಸು ಬೇರೆ ಕಡೆ ಹರಿದು ಆಗುವ ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಅದು ಒಂದು ಸಾಲಿನಲ್ಲಿ ಎರಡು ಕಂಬ ನುಂಗಿ, ಮುಂದಿನ ನಾಲ್ಕು ಸಾಲು ಸುಮ್ಮನಿರುತ್ತದೆ. ಹಾಗಾಗಿ ಕುಕ್ಕರಿನ ಸೀಟಿಯನ್ನು ಬೈಯುವ ಮೊದಲು ಸಾಲಿನ ತುದಿಗೆ ಬನ್ನಿ.

ಒಂದು ಸಾಲು ಮುಗಿದಾಗ ನೀವು ಮೂರು ಸರಪಳಿ, ಅಂದರೆ ಒಂದರೊಳಗೊಂದು ಎಳೆದ ಮೂರು ಕುಣಿಕೆ, ಎತ್ತಿ ಶಾಲನ್ನು ತಿರುಗಿಸುತ್ತೀರಿ. ಕಂಬದ ಎತ್ತರ ಸುಮಾರು ಮೂರು ಸರಪಳಿಯಷ್ಟು, ಅದಕ್ಕೇ ಮೂರು. ಈ ಸರಪಳಿಯೇ ಹೊಸ ಸಾಲಿನ ಮೊದಲ ಕಂಬ. ಆದ್ದರಿಂದ ಅದರ ಬುಡದಲ್ಲಿರುವ ಕಂಬವನ್ನು ಬಿಟ್ಟು, ಎರಡನೆಯದರ ತಲೆಗೆ ಸೂಜಿ ಹಾಕಬೇಕು. ಇಲ್ಲಿಯವರೆಗೆ ನೀವು ಸರಿಯಾಗಿಯೇ ಮಾಡುತ್ತಿದ್ದೀರಿ. ತಪ್ಪು ಇರುವುದು ವಾಪಸು ಬಂದಾಗ. ಹಿಂದಿನ ಸಾಲಿನ ಆ ಮೂರು ಸರಪಳಿ ಈಗ ನಿಮ್ಮ ಕೊನೆಯ ಕಂಬವಾಗಿ ನಿಂತಿರುತ್ತದೆ. ಆದರೆ ನೋಡಲು ಕಂಬದಂತಿರುವುದಿಲ್ಲ: ಸಣಕಲು, ಸ್ವಲ್ಪ ತಿರುಚಿಕೊಂಡು, ಹೊರಗಡೆ ವಾಲಿ, ಬರಿಯ ದಾರದ ಅಂಚಿನಂತೆ ಕಾಣುತ್ತದೆ. ಅದರ ಪಕ್ಕದ ದಪ್ಪ ಕಂಬಕ್ಕೆ ಕಂಬ ಹಾಕಿದ ಕೂಡಲೇ ಸಾಲು ಮುಗಿಯಿತೆಂದು ಕಣ್ಣು ಹೇಳುತ್ತದೆ. ಕೈ ನಂಬುತ್ತದೆ, ತಿರುಗಿಸಿಬಿಡುತ್ತದೆ. ಆ ಸರಪಳಿಯ ಮೇಲಿನ ಮೂರನೆಯ ಕುಣಿಕೆಗೆ ಸೂಜಿ ಚುಚ್ಚಿ ಇನ್ನೊಂದು ಕಂಬ ಹಾಕಬೇಕಿತ್ತು. ಒಂದು ಸಾಲು ಬಲಕ್ಕೆ ಮುಗಿದರೆ ಮುಂದಿನದು ಎಡಕ್ಕೆ ಮುಗಿಯುವುದರಿಂದ ಎರಡೂ ಅಂಚು ಸಮನಾಗಿ ಒಳಗೆ ಸರಿದಿವೆ. ನಿಮ್ಮ ಶಿಖರ ಅಷ್ಟು ಅಚ್ಚುಕಟ್ಟಾಗಿ ಬಂದಿರುವುದು ಅದಕ್ಕೇ.

ಇದರ ತದ್ವಿರುದ್ಧವೂ ಉಂಟು. ಬುಡದ ಕಂಬವನ್ನು ಬಿಡದೆ ಅದಕ್ಕೂ ಸೂಜಿ ಹಾಕಿದರೆ ಸಾಲಿಗೊಂದು ಕಂಬ ಹೆಚ್ಚುತ್ತದೆ, ಶಾಲು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಕೆಲವರು ಶುರುವಿನಲ್ಲಿ ಒಂದು ಸೇರಿಸಿ ಕೊನೆಗೆ ಒಂದು ಬಿಡುತ್ತಾರೆ. ಎರಡು ತಪ್ಪು ಸೇರಿ ಲೆಕ್ಕ ಸರಿಹೋಗುತ್ತದೆ, ಅವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕಂಬಕ್ಕಿಂತ ಕುಳ್ಳಾದ ಗಿಡ್ಡ ಹೊಲಿಗೆಯ ನಿಯಮ ಮಾತ್ರ ಬೇರೆ. ಅಲ್ಲಿ ತಿರುಗಿಸಲು ಎತ್ತುವುದು ಒಂದೇ ಸರಪಳಿ, ಅದನ್ನು ಸಾಮಾನ್ಯವಾಗಿ ಎಣಿಕೆಗೆ ಹಿಡಿಯುವುದಿಲ್ಲ, ಬುಡದ ಹೊಲಿಗೆಯನ್ನು ಬಿಡುವಂತಿಲ್ಲ. ಮೊಬೈಲಿನಲ್ಲಿ ನೋಡಿ ಕಲಿಯುವವರಿಗೆ ಇನ್ನೊಂದು ತೊಡಕಿದೆ: ನಮ್ಮ ಕಂಬವನ್ನು ಅಮೆರಿಕದವರು ಡಬಲ್ ಎಂದರೆ ಬ್ರಿಟನ್ನಿನವರು ಟ್ರೆಬಲ್ ಎನ್ನುತ್ತಾರೆ, ಗಿಡ್ಡ ಹೊಲಿಗೆ ಅಮೆರಿಕದವರಿಗೆ ಸಿಂಗಲ್, ಬ್ರಿಟನ್ನಿನವರಿಗೆ ಡಬಲ್. ನಮ್ಮ ಸರಪಳಿ, ಕಂಬಗಳೇ ವಾಸಿ. ಬೆಳಗಾವಿ ಕಡೆಯ ಮರಾಠಿ ಹೆಂಗಸರು ಸಾಖಳಿ, ಖಾಂಬ್ ಎಂದರೂ ಕೈಗೆ ಅರ್ಥವಾಗುತ್ತದೆ.

ನಾನು ಮೊದಲ ಬಾರಿ ಕ್ರೋಶಾ ಹಿಡಿದದ್ದು ಇಳಕಲ್ಲಿನ ಸೋದರತ್ತೆಯ ಮನೆಯಲ್ಲಿ. ಅವರ ಮನೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಮಗ್ಗ, ಇತ್ತು. ನನ್ನ ಟೀಪಾಯಿ ಬಟ್ಟೆಯೂ ನಿಮ್ಮ ಶಾಲಿನ ಹಾಗೆಯೇ ಮೇಲೆ ಹೋದಂತೆ ಬಡವಾಗುತ್ತಿತ್ತು. ಅತ್ತೆ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, "ಇದರ ಹಾಸು ಎಲ್ಲಿದೆಯೇ?" ಎಂದರು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿಟ್ಟ ಎಳೆಗಳು. ಇಲ್ಲ ಎಂದೆ. "ಹಾಸೇ ಇಲ್ಲದಿದ್ದರೆ ಅಗಲವನ್ನು ಹಿಡಿದುಕೊಳ್ಳುವವರು ಯಾರು?" ಎಂದು ಮತ್ತೆ ಲಾಳಿ ಎಸೆಯತೊಡಗಿದರು. ಕ್ರೋಶಾದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಇಂದಿಗೂ ಕೇಳಿಲ್ಲ. ಮಗ್ಗದಲ್ಲಿ ಸೀರೆಯ ಅಗಲ ನೇಯುವ ಮೊದಲೇ ನಿಶ್ಚಯವಾಗಿರುತ್ತದೆ. ಹಾಸಿನ ಎಳೆ ಇಷ್ಟು ಎಂದು ಎಣಿಸಿ ಹಣಿಗೆಯ ಹಲ್ಲುಗಳ ನಡುವೆ ಹಾಯಿಸಿಟ್ಟಿರುತ್ತಾರೆ. ಇಳಕಲ್ ಸೀರೆಯಲ್ಲಂತೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಕೊಂಡಿ ಕೂಡಿಸುತ್ತಾರೆ. ಇಲ್ಲೊಂದು ಎಳೆ ಉಳಿದರೆ ಅದರ ಜೊತೆ ಅಲ್ಲಿಲ್ಲ ಎಂದು ಆಗಲೇ ಗೊತ್ತಾಗುತ್ತದೆ. ಕ್ರೋಶಾದಲ್ಲಿ ಇರುವುದು ಒಂದೇ ದಾರ. ಅಗಲ ಎಷ್ಟೆಂಬುದನ್ನು ನೀವು ಸಾಲು ತಿರುಗಿಸಿದಾಗಲೆಲ್ಲ ಹೊಸದಾಗಿ ತೀರ್ಮಾನಿಸುತ್ತಿರುತ್ತೀರಿ, ನಿಮಗೇ ತಿಳಿಯದೆ.

ಹಾಗಾದರೆ ಮನೆಗೆಲಸ ನಿರಪರಾಧಿಯೇ? ಪೂರ್ತಿ ಅಲ್ಲ, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ. ನಮ್ಮಲ್ಲಿ ಬಹಳ ಮಂದಿಗೆ ಒಂದು ಹಟವಿದೆ: "ಈ ಸಾಲು ಮುಗಿಸಿಯೇ ಏಳುತ್ತೇನೆ." ಬಾಗಿಲಲ್ಲಿ ಹಾಲಿನವನು ನಿಂತಿರುತ್ತಾನೆ, ರೊಟ್ಟಿಯ ಹಂಚು ಕಾಯುತ್ತಿರುತ್ತದೆ, ನಾವು ಕೊನೆಯ ಹತ್ತು ಕಂಬವನ್ನು ಓಡಿಸುತ್ತೇವೆ. ಅತಿ ಹೆಚ್ಚು ಎಚ್ಚರ ಬೇಕಾದ ಜಾಗಕ್ಕೆ ಅತಿ ಅವಸರದಲ್ಲಿ ಬರುತ್ತೇವೆ. ಏಳಬೇಕಾದರೆ ಸಾಲಿನ ನಡುವೆಯೇ ಏಳಿ. ಕಡ್ಡಿ ಹೆಣಿಗೆಯಲ್ಲಿ ಹಾಗೆ ಮಾಡಿದರೆ ಒಂದು ಕಡ್ಡಿ ಜಾರಿದರೂ ಹತ್ತಾರು ಕುಣಿಕೆ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಸೂಜಿಯ ಮೇಲಿರುವುದು ಒಂದೇ ಕುಣಿಕೆ. ಅದನ್ನು ಒಂದಿಷ್ಟು ಉದ್ದಕ್ಕೆ ಎಳೆದು, ಬಳೆಗೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ ತೆಗೆದು ಅದರಲ್ಲಿ ಹಾಕಿದರೆ ಸಂಜೆಯವರೆಗೆ ಅಲುಗುವುದಿಲ್ಲ.

ಬಳೆಯಲ್ಲಿ ಇನ್ನೆರಡು ಪಿನ್ ಇದ್ದೇ ಇರುತ್ತವಲ್ಲ, ಅವುಗಳಿಗೂ ಕೆಲಸವಿದೆ. ಮೂರು ಸರಪಳಿ ಎತ್ತಿದ ತಕ್ಷಣ ಮೂರನೆಯ ಕುಣಿಕೆಗೆ ಒಂದು ಪಿನ್ ಹಾಕಿ. ಮುಂದಿನ ಸಾಲಿನಲ್ಲಿ ಪಿನ್ ಇರುವ ಕುಣಿಕೆಗೆ ಕಂಬ ಹಾಕದೆ ತಿರುಗಿಸಬಾರದು, ಅಷ್ಟೇ ನಿಯಮ. ಪ್ರತಿ ಸಾಲನ್ನೂ ಎಣಿಸುತ್ತ ಕೂರುವುದು ಶಿಕ್ಷೆ. ನಾಲ್ಕು ಸಾಲಿಗೊಮ್ಮೆ ಎಣಿಸಿದರೆ ಸಾಕು.

ಕೇಳದಿದ್ದರೂ ದಾರದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ಎಂಬ ಕೃತಕ ದಾರ. ತೊಳೆಯಲು ಸುಲಭ, ಆದರೆ ಬೆವರು ಹೀರುವುದಿಲ್ಲ, ಬಿಸಿ ಇಸ್ತ್ರಿ ತಾಗಿದರೆ ಜೋಲು ಬೀಳುತ್ತದೆ. ಬಾಗಲಕೋಟೆಯ ಬಿಸಿಲಿನಲ್ಲಿ ಹುಟ್ಟುವ ಕೂಸಿಗೆ ಹತ್ತಿಯ ದಾರವೇ ಮೇಲು. ನಮ್ಮ ಕೌದಿಗಳು ಹಳೆಯ ನೂಲಿನ ಸೀರೆಯವಾಗಿರುವುದು ಸುಮ್ಮನೆ ಅಲ್ಲ. ಕೂಸಿನ ಬೆರಳು ಸಿಕ್ಕಿಕೊಳ್ಳುವಷ್ಟು ದೊಡ್ಡ ತೂತುಗಳ ವಿನ್ಯಾಸ ಬೇಡ.

ಇನ್ನು ಬಿಚ್ಚುವ ಮಾತು. ಅಂಚಿಗೆ ಬಾರ್ಡರ್ ಹಾಕಿ ಸರಿಮಾಡಬಹುದು ಎಂದು ಯಾರಾದರೂ ಹೇಳಿಯಾರು, ಕೇಳಬೇಡಿ. 17 ಕಂಬದ ಓರೆ ಬಾರ್ಡರಿನಲ್ಲಿ ಮುಚ್ಚುವುದಿಲ್ಲ. ಬಿಚ್ಚಿದ ದಾರ ಗುಂಗುರಾಗಿರುತ್ತದೆ, ಹಾಗೆಯೇ ಹಾಕಿದರೆ ಕಂಬಗಳು ಏರುಪೇರಾಗುತ್ತವೆ. ಮಗಳನ್ನು ಎದುರಿಗೆ ಕೂರಿಸಿ, ಎರಡೂ ಕೈ ಚಾಚಲು ಹೇಳಿ, ದಾರವನ್ನು ಅವಳ ಕೈಗಳ ಸುತ್ತ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ತೂಗುಹಾಕಿ. ಒಣಗಿದ ಮೇಲೆ ಉಂಡೆ ಸುತ್ತಿಕೊಳ್ಳಿ. ಮೊದಲ ಸಾಲನ್ನು ಮಾತ್ರ ಬಿಚ್ಚಬೇಡಿ, ಅದರಲ್ಲಿ 80 ಕಂಬ ಸರಿಯಾಗಿವೆ. ಅದು ಶುರುವಾದ ಕಡೆಯ ಮೂರನೆಯ ಸರಪಳಿಯನ್ನು ಹುಡುಕಿ, ಮೊದಲ ಪಿನ್ ಅಲ್ಲಿಗೇ ಹಾಕಿ.