ಕನ್ನಡ ಟೈಪಿಂಗ್: ಕೀಲಿಮಣೆ ಅವರವರ ಇಷ್ಟ, ಸಂಕೇತ ಇಷ್ಟದ ವಿಷಯವಲ್ಲ

ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಯಾವ ತಂತ್ರಾಂಶ ಒಳ್ಳೆಯದು ಎಂದು ಹೊಸಬರು ಕೇಳಿದರೆ ಒಬ್ಬರು ನುಡಿ ಎನ್ನುತ್ತಾರೆ, ಇನ್ನೊಬ್ಬರು ಬರಹ ಎನ್ನುತ್ತಾರೆ, ಮತ್ತೊಬ್ಬರು ಮೊಬೈಲಿನ ಜಿಬೋರ್ಡ್ ಇದ್ದರೆ ಸಾಕು ಎನ್ನುತ್ತಾರೆ. ಈ ಉತ್ತರಗಳಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಬೆರಳು ಯಾವ ಕೀಲಿಯನ್ನು ಒತ್ತಬೇಕು ಎಂಬುದನ್ನು ಕೀಲಿಮಣೆಯ ವಿನ್ಯಾಸ ತೀರ್ಮಾನಿಸುತ್ತದೆ. ಹಾಗೆ ಒತ್ತಿದ್ದು ಕಡತದೊಳಗೆ ಯಾವ ಸಂಖ್ಯೆಯಾಗಿ ಉಳಿಯುತ್ತದೆ ಎಂಬುದನ್ನು ಸಂಕೇತ ವ್ಯವಸ್ಥೆ ತೀರ್ಮಾನಿಸುತ್ತದೆ. ಆ ಸಂಖ್ಯೆ ಪರದೆಯ ಮೇಲೆ ಯಾವ ರೂಪದಲ್ಲಿ ಕಾಣಬೇಕು ಎಂಬುದನ್ನು ಫಾಂಟ್ ತೀರ್ಮಾನಿಸುತ್ತದೆ. ಕೀಲಿಮಣೆ ಮತ್ತು ಫಾಂಟುಗಳ ಆಯ್ಕೆಯಲ್ಲಿ ಅವರವರ ರುಚಿಗೆ ಜಾಗವಿದೆ. ಸಂಕೇತದಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಕಾರಣಗಳನ್ನು ಈ ಟಿಪ್ಪಣಿಯಲ್ಲಿ ವಿವರಿಸುತ್ತೇನೆ.

‘ಕನ್ನಡ’ ಎಂಬ ಪದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ರಾಜ್ಯದ ಕಚೇರಿಗಳಿಗೆಲ್ಲ ಪರಿಚಿತವಾದ ಕೀಲಿಮಣೆ ವಿನ್ಯಾಸದಲ್ಲಿ ಈ ಪದಕ್ಕೆ ಐದು ಕೀಲಿಗಳು ಬೇಕು: ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇವುಗಳಲ್ಲಿ ಎಫ್ ಎಂಬುದು ಹಲಂತದ ಕೀಲಿ. ಹಿಂದಿನ ವ್ಯಂಜನದ ಅಕಾರವನ್ನು ತೆಗೆದು, ಮುಂದಿನ ವ್ಯಂಜನವನ್ನು ಅದಕ್ಕೆ ಒತ್ತಾಗಿ ಸೇರಿಸುವುದು ಅದರ ಕೆಲಸ. ಈ ಐದು ಕೀಲಿಗಳನ್ನು ಒತ್ತಿದಾಗ ಕಡತದಲ್ಲಿ ಏನು ದಾಖಲಾಗುತ್ತದೆ ಎಂಬುದು ಮಾತ್ರ ತಂತ್ರಾಂಶವನ್ನು ಯಾವ ಸ್ಥಿತಿಯಲ್ಲಿ ಇಟ್ಟಿದ್ದೀರಿ ಎಂಬುದನ್ನು ಅವಲಂಬಿಸಿದೆ.

ಯುನಿಕೋಡ್ (ಜಗತ್ತಿನ ಲಿಪಿಗಳಿಗೆಲ್ಲ ಸಮಾನವಾದ ಸಂಕೇತ ವ್ಯವಸ್ಥೆ) ಸ್ಥಿತಿಯಲ್ಲಿದ್ದರೆ ದಾಖಲಾಗುವ ಸಂಖ್ಯೆಗಳು 3221, 3240, 3277, 3240, 3233. ಕ, ನ, ಹಲಂತ, ನ, ಡ ಎಂಬ ಐದು ಘಟಕಗಳು ನಾವು ಉಚ್ಚರಿಸುವ ಕ್ರಮದಲ್ಲಿಯೇ ನಿಲ್ಲುತ್ತವೆ. ಹಳೆಯ ಫಾಂಟ್ ಆಧಾರಿತ ಸ್ಥಿತಿಯಲ್ಲಿದ್ದರೆ (ಇದನ್ನು ಬಳಕೆಯಲ್ಲಿ ಆಸ್ಕಿ ಎಂದೇ ಕರೆಯುತ್ತಾರೆ) ದಾಖಲಾಗುವುದು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. ಇವು ಕನ್ನಡದ ಅಕ್ಷರಗಳಲ್ಲ, ಅಕ್ಷರಗಳ ತುಂಡುಗಳು. 80 ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು. 192 ಎಂಬುದು ತಲೆಕಟ್ಟು, ಆದ್ದರಿಂದಲೇ ಅದು ಮೂರು ಸಲ ಬಂದಿದೆ. 223 ಎಂಬುದು ನಕಾರದ ಒತ್ತು. ನುಡಿ ಫಾಂಟ್ ಇರುವ ಯಂತ್ರದಲ್ಲಿ ಈ ತುಂಡುಗಳು ಕೂಡಿಕೊಂಡು ಸುಂದರವಾದ ಕನ್ನಡವಾಗುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೆರೆಯುಳ್ಳ ಎ, ಪೌಂಡ್ ಚಿಹ್ನೆ, ಜರ್ಮನ್ ಲಿಪಿಯ ಜೋಡಿ ಎಸ್ ಮುಂತಾದವುಗಳ ಸಾಲಾಗಿ ಕಾಣುತ್ತದೆ. ಇದನ್ನು ಫಾಂಟಿನ ತೊಂದರೆ ಎಂದು ಬಗೆದು, ಫಾಂಟ್ ಹಾಕಿಕೊಂಡ ಮೇಲೆ ಸಮಸ್ಯೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಆ ಕಡತದಲ್ಲಿ ಕನ್ನಡ ಮೊದಲಿನಿಂದಲೂ ಇರಲಿಲ್ಲ. ಕನ್ನಡದಂತೆ ಕಾಣುವ ವ್ಯವಸ್ಥೆಯಷ್ಟೇ ಇತ್ತು.

ಇದನ್ನು ಹೇಳುವಾಗ ಆ ಕಾಲದ ತಂತ್ರಾಂಶಗಳ ಬಗ್ಗೆ ಗೌರವವನ್ನು ಮರೆಯಬಾರದು. ಯುನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅವುಗಳ ಜೋಡಣೆಗೆ ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿಯೇ ಆಧಾರವಾಗಿತ್ತು. ಸ್ಥಾನ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಹಲಂತ ಬಂದಾಗ ಮುಂದಿನ ವ್ಯಂಜನವನ್ನು ಒತ್ತಾಗಿಸಿ ಕೆಳಗಿಳಿಸುವ, ಅರ್ಕಾವತ್ತನ್ನು ಬಲಕ್ಕೆ ಸಾಗಿಸುವ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯೇ ಕಲಿಯಬೇಕಿತ್ತು. ಮನೆಮನೆಯ ವಿಂಡೋಸ್ ಯಂತ್ರ ಅದನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ತುಂಗಾ ಎಂಬ ಫಾಂಟ್ ಅದರೊಂದಿಗೇ ಬಂದಿತು. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರು ಬರಹವನ್ನು ಹೊರತಂದಿದ್ದರು. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿ ಕಚೇರಿಗಳಿಗೆ ತಲುಪಿಸಿತು. ಆಗ ಬೇರೆ ದಾರಿ ಇರಲಿಲ್ಲ, ಕೆಲಸ ನಡೆಯಬೇಕಿತ್ತು, ಆ ತಂತ್ರಾಂಶಗಳು ನಡೆಸಿಕೊಟ್ಟವು. ಎರಡರ ಈಚಿನ ಆವೃತ್ತಿಗಳೂ ಯುನಿಕೋಡನ್ನು ಬೆಂಬಲಿಸುತ್ತವೆ. ಹೀಗಿರುವಾಗ ಹೊಸ ಬರವಣಿಗೆಯನ್ನು ಇನ್ನೂ ಹಳೆಯ ಸ್ಥಿತಿಯಲ್ಲಿಯೇ ಮಾಡುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನು ನೋಡಿ. ಹಳೆಯ ಸಂಕೇತದಲ್ಲಿರುವ ನೂರು ಪುಟದ ವರದಿಯಲ್ಲಿ ಒಂದು ಊರಿನ ಹೆಸರನ್ನು ಯುನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ಜಾಲತಾಣಕ್ಕೆ ಏರಿಸಿದರೆ ಹುಡುಕುಯಂತ್ರಕ್ಕೂ ಸಿಗುವುದಿಲ್ಲ. ಅನುವಾದದ ಉಪಕರಣಕ್ಕೆ ಕೊಟ್ಟರೆ ಅದು ಭಾಷೆಯನ್ನೇ ಗುರುತಿಸುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದೃಷ್ಟಿಹೀನ ಓದುಗರ ಪಾಡು. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಆಕಾರ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಆದ್ದರಿಂದ ಕಣ್ಣಿದ್ದವರಿಗೆ ಶುದ್ಧ ಕನ್ನಡವಾಗಿ ಕಾಣುವ ಸುತ್ತೋಲೆಯನ್ನೇ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಒದರುತ್ತದೆ. ಒಂದು ಕಚೇರಿ ತನ್ನ ಪ್ರಕಟಣೆಯನ್ನು ಯುನಿಕೋಡಿನಲ್ಲಿ ಹೊರಡಿಸಿದರೆ ಬೇರೆ ಯಾವ ವೆಚ್ಚವೂ ಇಲ್ಲದೆ ಈ ಅನ್ಯಾಯ ತಪ್ಪುತ್ತದೆ.

ಯುನಿಕೋಡಿಗೆ ತನ್ನದೇ ಆದ ಖರ್ಚು ಇದೆ ಎಂಬುದನ್ನೂ ಹೇಳಬೇಕು. ಯುನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಘಟಕಕ್ಕೆ ಮೂರು ಬೈಟ್ ಬೇಕಾಗುವುದರಿಂದ ‘ಕನ್ನಡ’ ಎಂಬ ಪದ 15 ಬೈಟ್ ಹಿಡಿಯುತ್ತದೆ. ಹಳೆಯ ಪದ್ಧತಿಯಲ್ಲಿ ಏಳೇ ಬೈಟ್ ಸಾಕಿತ್ತು. ಇಂದಿನ ಡಿಸ್ಕುಗಳಿಗೆ ಇದು ಲೆಕ್ಕಕ್ಕಿಲ್ಲ. ಎಸ್‌ಎಂಎಸ್‌ನಲ್ಲಿ ಮಾತ್ರ ವ್ಯತ್ಯಾಸ ಅನುಭವಕ್ಕೆ ಬರುತ್ತದೆ: ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಘಟಕಗಳಷ್ಟೇ ಹಿಡಿಯುತ್ತವೆ, ಮತ್ತು ಗುಣಿತದ ಚಿಹ್ನೆ, ಹಲಂತ ಎಲ್ಲವೂ ಆ 70ರಲ್ಲಿಯೇ ಸೇರುತ್ತವೆ.

ಇನ್ನು ಕೀಲಿಮಣೆ. ಕೆ.ಪಿ. ರಾವ್ ವಿನ್ಯಾಸ, ಭಾರತೀಯ ಲಿಪಿಗಳಿಗೆಲ್ಲ ಒಂದೇ ಜೋಡಣೆಯಿರುವ ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಬರೆದಂತೆ ಕನ್ನಡ ಮೂಡಿಸುವ ಬರಹದ ಲಿಪ್ಯಂತರ ಪದ್ಧತಿ, ಇವು ಮುಖ್ಯವಾದವು. ಲಿಪ್ಯಂತರದಲ್ಲಿ ಅಕಾರಕ್ಕೂ ಒಂದು ಕೀಲಿ ಒತ್ತಬೇಕಾದ್ದರಿಂದ ‘ಕನ್ನಡ’ಕ್ಕೆ ಏಳು ಒತ್ತುಗಳು ಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಐದು ಸಾಕು. ಆದರೆ ಕೀಲಿಗೂ ಧ್ವನಿಗೂ ಇಂಗ್ಲಿಷ್ ಮೂಲದ ಹೊಂದಿಕೆ ಇಲ್ಲದಿರುವುದರಿಂದ ಮೊದಲ ವಾರಗಳು ಕಷ್ಟ. ಕೆ.ಪಿ. ರಾವ್ ವಿನ್ಯಾಸವನ್ನು ನಾನು ಮೆಚ್ಚುವುದಕ್ಕೆ ಕಾರಣ, ಅದು ಕನ್ನಡದ ಅಕ್ಷರ ಕಟ್ಟುವ ಕ್ರಮವನ್ನೇ ಬೆರಳಿಗೆ ಕಲಿಸುತ್ತದೆ: ವ್ಯಂಜನ, ಹಲಂತ, ವ್ಯಂಜನ, ಸ್ವರ. ಯುನಿಕೋಡಿನೊಳಗಿನ ಕ್ರಮವೂ ಅದೇ ಆಗಿರುವುದರಿಂದ ಒತ್ತಿದ ಕೀಲಿಗೂ ದಾಖಲಾದ ಸಂಖ್ಯೆಗೂ ಬಹುಮಟ್ಟಿಗೆ ಒಂದಕ್ಕೊಂದು ಸಂಬಂಧವಿರುತ್ತದೆ. ಆದರೂ ಲಿಪ್ಯಂತರದಲ್ಲಿ ಕೈ ಪಳಗಿದವರು ಅದನ್ನು ಬಿಡಬೇಕಾಗಿಲ್ಲ. ಫಲಿತಾಂಶ ಯುನಿಕೋಡ್ ಆಗಿದ್ದರೆ ಓದುವವರಿಗೆ ಎರಡೂ ಒಂದೇ. ಲಿನಕ್ಸ್ ಬಳಸುವವರಿಗೆ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಕೆ.ಪಿ. ರಾವ್ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಸಿಗುತ್ತವೆ.

ಯಾವ ಕೀಲಿಮಣೆಯಾದರೂ ಕಲಿಯಲೇಬೇಕಾದ ಎರಡು ಅದೃಶ್ಯ ಘಟಕಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯಬೇಕಾದಾಗ ಜಕಾರ, ಹಲಂತ, ಕಕಾರಗಳನ್ನು ಸಾಲಾಗಿ ಒತ್ತಿದರೆ ‘ರಾಜ್ಕುಮಾರ್’ ಎಂದು ಮೂಡುತ್ತದೆ, ಏಕೆಂದರೆ ಹಲಂತದ ಬೆನ್ನಿಗೆ ವ್ಯಂಜನ ಬಂದರೆ ಒತ್ತಾಗಬೇಕೆಂಬುದೇ ನಿಯಮ. ನಡುವೆ 8204 ಎಂಬ ಸಂಖ್ಯೆಯ, ಅಗಲವಿಲ್ಲದ ಬೇರ್ಪಡಿಸುವ ಘಟಕವನ್ನು ಇಟ್ಟಾಗ ಒತ್ತು ತಪ್ಪುತ್ತದೆ. ಇದಕ್ಕೆ ಜೊತೆಯಾದ 8205 ಕೂಡಿಸುವ ಘಟಕ. ರಕಾರದ ಮುಂದೆ ಹಲಂತ ಮತ್ತು ಯಕಾರ ಬಂದರೆ ಸಹಜವಾಗಿ ಅರ್ಕಾವತ್ತು ಮೂಡಿ ‘ರ್ಯಾಂಕ್’ ಎಂದಾಗುತ್ತದೆ; ರಕಾರವಾದ ಕೂಡಲೇ, ಹಲಂತಕ್ಕೂ ಮೊದಲು, 8205ನ್ನು ಇಟ್ಟರೆ ರಕಾರ ಪೂರ್ಣವಾಗಿ ಉಳಿದು ‘ರ‍್ಯಾಂಕ್’ ಎಂದಾಗುತ್ತದೆ. ಇವುಗಳನ್ನು ಮೂಡಿಸುವ ಕೀಲಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುವುದರಿಂದ ನಿಮ್ಮ ತಂತ್ರಾಂಶದ ಸಹಾಯ ಪುಟದಲ್ಲಿ ಮೊದಲು ನೋಡಿಟ್ಟುಕೊಳ್ಳಬೇಕಾದದ್ದು ಇದನ್ನೇ.

ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಮೇಲ್ನೋಟಕ್ಕೆ ಒಂದು ಗುಂಡಿ ಒತ್ತಿದಷ್ಟು ಸುಲಭವೆನಿಸುತ್ತದೆ. ‘ಕರ್ನಾಟಕ’ ಎಂಬ ಪದ ಹಳೆಯ ಸಂಕೇತದಲ್ಲಿ 80, 192, 163, 193, 240, 108, 80, 192 ಎಂದಿರುತ್ತದೆ. ಇಲ್ಲಿ 240 ಅರ್ಕಾವತ್ತು. ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ‘ನಾ’ ಆದ ಮೇಲೆ ಬಂದಿದೆ. ಯುನಿಕೋಡಿನಲ್ಲಿ ರಕಾರ ಮತ್ತು ಹಲಂತಗಳು ‘ನಾ’ ಎಂಬುದಕ್ಕಿಂತ ಮೊದಲು ಬರಬೇಕು. ಆದ್ದರಿಂದ ಪರಿವರ್ತಕವು ಒಂದು ಸಂಖ್ಯೆಯ ಬದಲು ಇನ್ನೊಂದನ್ನು ಇಟ್ಟು ಸುಮ್ಮನಾಗುವಂತಿಲ್ಲ. ಇಡೀ ಅಕ್ಷರದ ಎಲ್ಲೆಯನ್ನು ಗುರುತಿಸಿ, ಅರ್ಕಾವತ್ತನ್ನು ಅದರ ಆರಂಭಕ್ಕೆ ಒಯ್ದು ಕೂರಿಸಬೇಕು. ಇದರ ಜೊತೆಗೆ, ಕನ್ನಡದ ತುಂಡುಗಳೂ ಇಂಗ್ಲಿಷ್ ಅಕ್ಷರಗಳೂ ಒಂದೇ ಸಂಖ್ಯೆಗಳನ್ನು ಹಂಚಿಕೊಂಡಿರುವುದರಿಂದ, ಫಾಂಟಿನ ಗುರುತು ಕಳೆದುಹೋದ ಸಾದಾ ಪಠ್ಯದಲ್ಲಿ ಇಮೇಲ್ ವಿಳಾಸವೊಂದು ಇದ್ದರೆ ಅದೂ ಕನ್ನಡದ ಚೂರುಗಳಾಗಿ ಬದಲಾಗಿಬಿಡುತ್ತದೆ. ಸಾಧ್ಯವಾದಲ್ಲೆಲ್ಲ ಫಾಂಟಿನ ಮಾಹಿತಿ ಉಳಿದಿರುವ ಮೂಲ ವರ್ಡ್ ಕಡತದಿಂದಲೇ ಪರಿವರ್ತಿಸುವುದು ಇದಕ್ಕಾಗಿ.

ಪರಿವರ್ತನೆಯಾದ ಪಠ್ಯದಲ್ಲಿ ಅರ್ಕಾವತ್ತಿನ ಪದಗಳನ್ನೂ ಇಂಗ್ಲಿಷ್ ಪದಗಳನ್ನೂ ಕಣ್ಣಿನಿಂದ ಪರೀಕ್ಷಿಸಬಹುದು. ಆದರೆ ಕಣ್ಣಿಗೆ ಬೀಳದ ಒಂದು ದೋಷವೂ ಉಂಟು. ಓಕಾರದ ಚಿಹ್ನೆ 3275 ಎಂಬ ಒಂದೇ ಘಟಕವಾಗಿ ಇರಬಹುದು, ಇಲ್ಲವೇ 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಇರಬಹುದು. ಯುನಿಕೋಡ್ ಇವೆರಡನ್ನೂ ಸಮಾನವೆಂದು ಪರಿಗಣಿಸುತ್ತದೆ, ಪರದೆಯ ಮೇಲೂ ವ್ಯತ್ಯಾಸ ತೋರುವುದಿಲ್ಲ. ಆದರೆ ಸಂಖ್ಯೆಗಳನ್ನಷ್ಟೇ ಹೋಲಿಸುವ ಸರಳ ಹುಡುಕಾಟಕ್ಕೆ ‘ಕೋಲಾರ’ ಎರಡು ಬೇರೆ ಪದಗಳಾಗಿಬಿಡುತ್ತದೆ. ಪಠ್ಯವನ್ನು ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತರುವ ಸೌಲಭ್ಯ ಪೈಥಾನ್ ಸೇರಿದಂತೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿದೆ. ಪರಿವರ್ತನೆಯ ಕೊನೆಯ ಹಂತವಾಗಿ ಅದನ್ನು ತಪ್ಪದೆ ನಡೆಸಬೇಕು.

ಯುನಿಕೋಡಿನಲ್ಲಿಯೂ ಕೊರತೆಗಳಿವೆ. ಲಕಾರವಾದ ಕೂಡಲೇ ಳಕಾರವನ್ನು 3251ರಲ್ಲಿ ಇಟ್ಟಿರುವುದರಿಂದ, ಬರಿಯ ಸಂಖ್ಯೆಯ ಕ್ರಮದಲ್ಲಿ ವಿಂಗಡಿಸಿದರೆ ಳ ಎಂಬುದು ವ, ಶ, ಷ, ಸ, ಹಗಳಿಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರದ್ದು. ಹಳಗನ್ನಡದ ೞ ಅಕ್ಷರಕ್ಕೆ ಅಧಿಕೃತ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ, ಮತ್ತು ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿಯಲಿದೆ. ಹಳಗನ್ನಡ ಓದುವವರಿಗೆ ಇದು ನೋವಿನ ಸಂಗತಿ. ಬಳಕೆಗೆ ಮಾತ್ರ ಅಡ್ಡಿಯಿಲ್ಲ.

ಕೊನೆಯದಾಗಿ ಮುದ್ರಣದ ಪ್ರಶ್ನೆ. ಅನೇಕ ಡಿಟಿಪಿ ಕೇಂದ್ರಗಳು ಇಂದಿಗೂ ಹಳೆಯ ಸಂಕೇತದಲ್ಲಿ ಕಡತ ಕೇಳುವುದು ಹಟದಿಂದಲ್ಲ. ಅವರ ಕೈಗೆ ಒಗ್ಗಿದ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತುಹೋದ ಪುಟವಿನ್ಯಾಸ ತಂತ್ರಾಂಶ. ಅದಕ್ಕೆ ಯುನಿಕೋಡ್ ತಿಳಿಯದು. ಈಗಿನ ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಇದೆ, ಆದರೆ ಪ್ಯಾರಾ ಶೈಲಿಯಲ್ಲಿ ಅದನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅದನ್ನು ಒಮ್ಮೆ ಕಂಡವರು ‘ಯುನಿಕೋಡ್ ಒಡೆಯುತ್ತದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಮುದ್ರಕರು ಹಳೆಯ ಸಂಕೇತವನ್ನೇ ಕೇಳಿದರೆ ಮೂಲವನ್ನು ಯುನಿಕೋಡಿನಲ್ಲಿ ಬರೆದು ಉಳಿಸಿಕೊಳ್ಳಿ, ಒಂದು ಪ್ರತಿಯನ್ನು ಮಾತ್ರ ಪರಿವರ್ತಿಸಿ ಕೊಡಿ. ಕರಡು ತಿದ್ದುವಾಗ ಮಾಡಿದ ಬದಲಾವಣೆಗಳನ್ನು ಅಚ್ಚಿಗೆ ಹೋಗುವ ಮುನ್ನ ಮೂಲಕ್ಕೂ ಸೇರಿಸಿಕೊಳ್ಳಿ.