ಪರಿಸರ ಆರೋಗ್ಯ ಅಂದ್ರೆ ಗಿಡದ ಆರೋಗ್ಯ ಅಲ್ಲ ಮಾರಾಯ್ರೇ

ಈ ಸಲ ಜೂನ್ 5ರ ಪರಿಸರ ದಿನಕ್ಕೆ ಕಾರವಾರದಲ್ಲಿ ಮತ್ತೊಂದು ಬ್ಯಾನರ್ ಕಂಡ್ತು. "ಪರಿಸರ ಆರೋಗ್ಯ ಕಾಪಾಡಿ" ಅಂತ ದಪ್ಪ ಅಕ್ಷರ, ಕೆಳಗೆ ಎರಡು ಅಂಗೈ ನಡುವೆ ಒಂದು ಸಸಿ. ಸಸಿ ಬಗ್ಗೆ ನಂಗೆ ತಕರಾರಿಲ್ಲ, ಆ ಪದ ಅಲ್ಲಿಗೆ ಹೇಗೆ ಬಂತು ಅನ್ನೋದೇ ತಕರಾರು. ಮೇ ತಿಂಗಳಲ್ಲಿ ಶಿರಸಿ ಕಡೆ ಒಂದು ಮುಂಜಿ ಮನೆಲಿ ಅಕ್ಕನ ಮಗಳು "ಎನ್ವಿರಾನ್ಮೆಂಟಲ್ ಹೆಲ್ತ್ ಸೈನ್ಸ್, ಅಂದ್ರೆ ಪರಿಸರ ಆರೋಗ್ಯ ವಿಜ್ಞಾನ ಓದ್ತಿದೀನಿ" ಅಂದಿದ್ದಕ್ಕೆ ಪಂಕ್ತೀಲಿ ಪಕ್ಕ ಕೂತಿದ್ದ ಮಾವ "ಓಹೋ, ಗಿಡ ನೆಡೋ ಕೋರ್ಸು ಅಲ್ದನೇ ತಂಗಿ? ಅದಕ್ಕೆ ನಮ್ಮ ಶಿರಸೀಲೇ ಫಾರೆಸ್ಟ್ರಿ ಕಾಲೇಜಿದ್ದು, ಅಷ್ಟು ದೂರ ಎಂತಕ್ಕೆ ಹೋದೆ" ಅಂದ್ರು. ಅವಳು ಪಾಯಸಕ್ಕೆ ಎಲೆ ಒಡ್ಡಿ ಸುಮ್ಮನಾದ್ಲು, ಎಷ್ಟನೇ ಸಲವೋ ಏನೋ.

ತಪ್ಪು ಮಾವಂದಲ್ಲ, ಪದ ಬಿಡಿಸೋ ರೀತಿದು. ಹೈಸ್ಕೂಲಲ್ಲಿ ಸಮಾಸ ಓದಿದೀವಲ್ಲ, "ಪರಿಸರ ಆರೋಗ್ಯ" ಕಂಡ ಕೂಡ್ಲೇ ಎಲ್ರೂ ಷಷ್ಠೀಲಿ ಬಿಡಿಸ್ತಾರೆ, ಪರಿಸರದ ಆರೋಗ್ಯ ಅಂತ. ಅಲ್ಲೇ ದಾರಿ ತಪ್ಪೋದು. ಇದನ್ನ ಬಿಡಿಸಬೇಕಾಗಿದ್ದು ವ್ಯಾಘ್ರಭಯ ಬಿಡಿಸಿದ ಹಾಗೆ, ವ್ಯಾಘ್ರದ ದೆಸೆಯಿಂದ ಭಯ. ಹೆದರಿದ್ದು ಹುಲಿ ಅಲ್ಲ, ನಾವು. ಹಾಗೇ ಪರಿಸರದ ದೆಸೆಯಿಂದ ಕೆಡುವ ಅಥವಾ ಉಳಿಯುವ ಮನುಷ್ಯನ ಆರೋಗ್ಯ. ವೈಯಾಕರಣಿಗಳು ಒಪ್ತಾರೋ ಇಲ್ವೋ, ಅರ್ಥ ಅದೇ. ಇಲಿ ಜ್ವರ ಅಂದಾಗ ಪಾಪ ಇಲಿಗೆ ಜ್ವರ ಬಂತು ಅಂತ ಯಾರೂ ತಿಳ್ಕೊಳ್ಳಲ್ಲ ಅಲ್ದಾ? ಇಲಿ ಆರಾಮಾಗೇ ಓಡಾಡ್ಕೊಂಡಿರ್ತದೆ, ಅದರ ಉಚ್ಚೆ ಸೇರಿದ ಗದ್ದೆ ನೀರಲ್ಲಿ ಕಾಲಿನ ಗಾಯ ಅದ್ದಿದವನು ಮಲಗ್ತಾನೆ. ಅಲ್ಲಿ ಆಗದ ಗೊಂದಲ ಇಲ್ಲಿ ಯಾಕೆ?

ಯಾಕೆ ಅಂದ್ರೆ "ಪರಿಸರ" ಅನ್ನೋ ಪದಾನೇ ಕಾಡಿಗೆ ಬರೆದುಕೊಟ್ಟುಬಿಟ್ಟಿದೀವಿ. ಪರಿ ಅಂದ್ರೆ ಸುತ್ತ, ಪರಿಧಿ, ಪರಿಕ್ರಮದಲ್ಲಿರೋದು ಅದೇ. ಸರ ಬಂದಿದ್ದು ಸೃ ಧಾತುವಿಂದ, ಚಲಿಸು ಅಂತ, ಸಂಸಾರ ಪ್ರಸಾರದಲ್ಲೂ ಇರೋದು ಇದೇ ಧಾತು. ಸಂಸ್ಕೃತದಲ್ಲಿ ಪರಿಸರ ಅಂದ್ರೆ ಆಸುಪಾಸು, ಹತ್ತಿರದ ಜಾಗ, ಅಷ್ಟೇ. ಗಿಡ ಮರ ಹುಲಿ ಆನೆ ಏನೂ ಇಲ್ಲ ಅದರಲ್ಲಿ. ನಾವು ಈಗಲೂ "ಮಾರಿಕಾಂಬಾ ದೇವಸ್ಥಾನದ ಪರಿಸರದಲ್ಲಿ ಪಾರ್ಕಿಂಗ್ ಇಲ್ಲ" ಅಂತೀವಲ್ಲ, ಅದು ಅಸಲಿ ಅರ್ಥ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗೆ ಜೂನ್ 5ರ ದಿನಾಚರಣೆ ಬಂತು, ಶಾಲೇಲಿ ಇವಿಎಸ್ ಅನ್ನೋ ಪರಿಸರ ಪಾಠ ಬಂತು, ಪದ ಹಸಿರು ಬಣ್ಣ ಬಳ್ಕೊಂಡು ಕೂತ್ಕೊಂತು. ಅಕ್ಕನ ಮಗಳು ಓದ್ತಿರೋದು ದೇವಸ್ಥಾನದ ಪರಿಸರದ ಅರ್ಥದ್ದು. ಎರಡು ವರ್ಷಕ್ಕೊಮ್ಮೆ ಶಿರಸಿ ಜಾತ್ರೆ ಆಗ್ತದಲ್ಲ, ಅಲ್ಲಿ ನಲ್ಲಿ ನೀರಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದ್ರೂ ಕ್ಲೋರಿನ್ ಉಳಿದಿದ್ಯಾ, ಮಂಡಕ್ಕಿ ಅಂಗಡಿ ಹಿಂದಿನ ಚರಂಡಿ ಎತ್ಲಾಗೆ ಹೋಗ್ತದೆ, ಧೂಳು ಎಷ್ಟು, ಮೈಕಿನ ಗದ್ದಲ ಎಷ್ಟು, ಇದಿಷ್ಟೂ ಅವಳ ಸಿಲೆಬಸ್ಸು.

ಆರೋಗ್ಯದ ಕಥೆ ಸಣ್ಣದು. ರೋಗ ಬಂದಿದ್ದು ರುಜ್ ಧಾತುವಿಂದ, ಮುರಿ, ನೋಯಿಸು ಅಂತ. ರೋಗರುಜಿನ ಅಂತೀವಲ್ಲ, ಎರಡೂ ಒಂದೇ ಬೇರಿನವು. ಆರೋಗ್ಯ ಅಂದ್ರೆ ಮುರೀದೇ ಇರೋದು.

ಇನ್ನೂ ಅನುಮಾನ ಇದ್ರೆ ದೇಶದಲ್ಲಿ ಇದೇ ಹೆಸರು ಹೊತ್ತ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಎಲ್ಲಿದೆ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ಶುರು ಮಾಡಿದ್ದು ಭೋಪಾಲ್‌ನಲ್ಲಿ, 1984ರ ಅನಿಲ ದುರಂತದ ಊರಲ್ಲಿ. ಗಿಡದ ಲೆಕ್ಕಕ್ಕಲ್ಲ.

ಒಂದೇ ಒಂದು ಕಡೆ ಮಾವನ ಅರ್ಥಾನೂ ಅರ್ಧ ಸರಿ ಅನ್ನಿಸೋದು ಮಂಗನ ಕಾಯಿಲೆ ವಿಷಯದಲ್ಲಿ. ಇಲಿ ಥರ ಅಲ್ಲ, ಇಲ್ಲಿ ಮಂಗನೂ ಸಾಯ್ತದೆ. 1957ರಲ್ಲಿ ನಮ್ಮ ಉತ್ತರ ಕನ್ನಡದ ಗಡಿಗೇ ಅಂಟಿದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತು ಸಿಕ್ಕಿದ್ದು, ಈಗ ಸಿದ್ದಾಪುರದಲ್ಲಿ ಬೇಸಿಗೆ ಬಂತು ಅಂದ್ರೆ ಇದೇ ಸುದ್ದಿ. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಆ ಜಾಗದಲ್ಲೇ ಉಳಿತಾವೆ, ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರೋಕೆ ಹೋದವರ ಕಾಲಿಗೆ ಹತ್ತುತಾವೆ. ಆದ್ರೆ ಅಲ್ಲೂ ಈ ಓದು ಕೇಳೋ ಪ್ರಶ್ನೆ ಮನುಷ್ಯಂದೇ. ಯಾರು ಹೋದ್ರು, ಯಾವ ತಿಂಗಳು ಹೋದ್ರು, ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಂಡಿದ್ರಾ, ವಾಪಸ್ ಬಂದು ಬಿಸಿನೀರಲ್ಲಿ ಮಿಂದ್ರಾ.

ಇನ್ನೊಂದು ಕಿರಿಕಿರಿ, ಹಜಾರ್ಡ್‌ಗೂ ರಿಸ್ಕ್‌ಗೂ ಪೇಪರಿನವರು ಒಂದೇ "ಅಪಾಯ" ಬಳಸ್ತಾರೆ. ಹಜಾರ್ಡ್ ಅಂದ್ರೆ ಕೆಡುಕು ಮಾಡಬಲ್ಲದ್ದು, ರಿಸ್ಕ್ ಅಂದ್ರೆ ಆ ಕೆಡುಕು ನಮಗೆ ತಾಗೋ ಸಾಧ್ಯತೆ. ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟ ಮೈಲುತುತ್ತ (ತಾಮ್ರದ ಸಲ್ಫೇಟ್) ಹಜಾರ್ಡು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡಿಯೋಕೆ ಅದನ್ನ ನೂರು ಲೀಟರ್ ನೀರಿಗೆ ಒಂದು ಕೆಜಿ, ಸುಣ್ಣ ಒಂದು ಕೆಜಿ ಹಾಕಿ ಬೋರ್ಡೋ ದ್ರಾವಣ ಮಾಡಿ, ಅಡಿಕೆ ಮರ ಹತ್ತೋ ಕೊನೆಗಾರ ಮರದ ತುದೀಲಿ ಹೊಡೀತಿರುವಾಗ ಗಾಳಿ ತಿರುಗಿ ಮುಖದ ಮೇಲೆಲ್ಲ ನೀಲಿ ಹನಿ, ಕೆಳಗಿಳಿದು ಅದೇ ನೀಲಿ ಕೈಯಲ್ಲಿ ಕವಳದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ತಾನಲ್ಲ, ರಿಸ್ಕ್ ಅಲ್ಲಿದೆ. ಉತ್ಪ್ರೇಕ್ಷೆ ಅಲ್ಲ, 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ದ್ರಾಕ್ಷಿ ತೋಟಕ್ಕೆ ಇದೇ ಬೋರ್ಡೋ ಹೊಡೆಯುವವರ ಶ್ವಾಸಕೋಶದ ಕಾಯಿಲೆ ಬಗ್ಗೆ ಬರೆದ್ರು, ಶ್ವಾಸಕೋಶದೊಳಗೇ ತಾಮ್ರ ಸಿಕ್ಕಿತ್ತು. ಮಾವನ ತೋಟಕ್ಕೂ ವರ್ಷಾ ಮದ್ದು ಹೊಡೀತಾರೆ, ಅವರು ಕೇಳಿದ್ದು ಅಡಿಕೆ ಕೊಳೆ ಬಗ್ಗೆ ಮಾತ್ರ.

ಹಾಗಾದ್ರೆ ಡಾಕ್ಟ್ರಾ ಅವಳು? ಅಲ್ಲ. ವಿಷಶಾಸ್ತ್ರ, ಸಾಂಕ್ರಾಮಿಕ ರೋಗ, ನೀರು, ಗಾಳಿ, ಬೇಕಾದಷ್ಟು ಸಂಖ್ಯಾಶಾಸ್ತ್ರ. ರೋಗಿ ಬರೋದಕ್ಕಿಂತ ಮೊದಲಿನ ಕೆಲಸ.

ರಜೆಗೆ ಬಂದಾಗ ಒಳಗೆ ಕಾಗದದ ಪಟ್ಟಿ ಇರೋ ಪುಟ್ಟ ಪುಟ್ಟ ಬಾಟ್ಲಿ ತಂದು ಕಾರವಾರದ ನಮ್ಮ ದೊಡ್ಡಮ್ಮನ ಬಾವಿ ನೀರು ತುಂಬಿಸಿ ಕಿಟಕಿ ಮೇಲಿಟ್ಲು. ಚಿರೆಕಲ್ಲಿನ ನೆಲ, ಎಲ್ಲ ತೂತು, ಪಕ್ಕದ ಮನೆ ಪಾಯಖಾನೆ ಗುಂಡಿ ಬೇಲಿ ಆಚೆ. ನೀರು ಕನ್ನಡಿ ಥರ ತಿಳಿ. ಮಾರನೇ ದಿನ ಸಂಜೆಗೆ ಬಾಟ್ಲಿ ಕಪ್ಪು, ಅಂದ್ರೆ ನೀರಿಗೆ ಪಾಯಖಾನೆ ಕೊಳಕು ಸೇರಿರೋ ಸೂಚನೆ. "ನಲವತ್ತು ವರ್ಷ ಕುಡದಿದೀನಿ, ನಂಗೆ ಎಂತ ಆಯ್ತು" ಅಂತ ದೊಡ್ಡಮ್ಮ ಒಂದು ದಿನ ಮಾತಾಡಲಿಲ್ಲ, ಆಮೇಲೆ ಕುದಿಸೋಕೆ ಶುರು ಮಾಡಿದ್ರು. ನೆಂಟರು ಬಂದ್ರೆ ಮಾತ್ರ ಈಗಲೂ ಬಾವಿಯಿಂದ ಸೇದಿದ ಹಸಿ ನೀರೇ, ಬೆಲ್ಲದ ಜೊತೆ. ಕುದ್ದ ನೀರು ಚಪ್ಪೆಯಂತೆ, ಕೊಟ್ರೆ ಚೆನ್ನಾಗಿರಲ್ವಂತೆ.