ಬೆಂಚ್ ಎಷ್ಟು ಹೊಡೀತೀಯಾ?

ಜಿಮ್‌ಗೆ ಹೋಗ್ತೀನಿ ಅಂದರೆ ಸಾಕು, ಮೊದಲು ಬರುವ ಪ್ರಶ್ನೆ ಇದೇ. ಬೆಂಚ್ ಅಂದರೆ ಬೆಂಚ್ ಪ್ರೆಸ್: ಹಲಗೆ ಮೇಲೆ ಮಲಗಿ ಬಾರ್ ಅನ್ನು, ಅಂದರೆ ಭಾರ ಸಿಕ್ಕಿಸಿದ ಸರಳನ್ನು, ಮೇಲಕ್ಕೆ ತಳ್ಳುವುದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೈಯಲ್ಲಿರುವ ದೊಡ್ಡ ದೊಡ್ಡ ಸ್ನಾಯುಗಳು ಪೃಷ್ಠದಲ್ಲಿ, ತೊಡೆಯಲ್ಲಿ ಇವೆ. ಬೆಂಚ್ ಪ್ರೆಸ್‌ನಲ್ಲಿ ಅವಕ್ಕೆ ಹೆಚ್ಚುಕಮ್ಮಿ ರಜೆ. ಬರೀ ಎದೆ, ತೋಳು ನೋಡಿ ಇಡೀ ಮನುಷ್ಯನಿಗೆ ಅಂಕ ಕೊಡುವುದು ಯಾವ ನ್ಯಾಯ?

ಸಾಮಾನ್ಯವಾಗಿ ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಬಾರ್ ಹಿಡಿದು ನೆಟ್ಟಗೆ ನಿಲ್ಲುವುದು) ಎಲ್ಲಕ್ಕಿಂತ ಜಾಸ್ತಿ ತೂಕ ಏಳುತ್ತದೆ. ಆಮೇಲೆ ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಬೆಂಚ್, ಕೊನೆಗೆ ನಿಂತುಕೊಂಡು ಬಾರ್ ಅನ್ನು ತಲೆಯ ಮೇಲಕ್ಕೆ ಎತ್ತುವ ಪ್ರೆಸ್. ಜಿಮ್‌ನವರ ಅಂದಾಜು 5:4:3:2. ಡೆಡ್‌ಲಿಫ್ಟ್ 100 ಕೆ.ಜಿ. ಇದ್ದರೆ ಸ್ಕ್ವಾಟ್ 80, ಬೆಂಚ್ 60, ಪ್ರೆಸ್ 40. ಕೈಕಾಲಿನ ಉದ್ದ ಬದಲಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಯಾಕೆಂದರೆ ನಮ್ಮ ಒಂದೊಂದು ಕೀಲೂ ಒಂದೊಂದು ಸನ್ನೆಗೋಲು. ಮೊಣಕೈ ಮಡಚಿ, ಮುಂಗೈಯನ್ನು ನೆಲಕ್ಕೆ ಸಮವಾಗಿ ಚಾಚಿ 10 ಕೆ.ಜಿ. ಡಂಬೆಲ್ ಹಿಡಿಯಿರಿ. ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್ ಬಂದು ಅಂಟಿಕೊಂಡಿರುವುದು ಮೊಣಕೈ ಕೀಲಿನಿಂದ ಸುಮಾರು 4 ಸೆ.ಮೀ. ಆಚೆ. ಡಂಬೆಲ್ ಇರುವುದು 35 ಸೆ.ಮೀ. ಆಚೆ. ಹಾಗಾಗಿ 10 ಕೆ.ಜಿ. ಹಿಡಿದಿಡಲು ಸ್ನಾಯುಗಳು 80-90 ಕೆ.ಜಿ.ಯಷ್ಟು ಎಳೆಯಬೇಕು! ಭಾರ ಕೀಲಿನಿಂದ ದೂರ ಹೋದಷ್ಟೂ ದಂಡ ಜಾಸ್ತಿ.

ಈಗ ಸ್ಕ್ವಾಟ್ ನೋಡಿ. ತೊಡೆ ಮೂಳೆ ಉದ್ದ ಇದ್ದವರು ಕೂತಾಗ ಸೊಂಟ ಬಾರ್‌ನಿಂದ ಹಿಂದೆ ಸರಿಯುತ್ತದೆ, ಬೆನ್ನು ಮುಂದೆ ಬಾಗುತ್ತದೆ. ದಂಡ ಕಟ್ಟಲೇಬೇಕು. ಉದ್ದ ತೋಳಿನವರಿಗೆ ಬೆಂಚ್‌ನಲ್ಲಿ ನಷ್ಟ, ಬಾರ್ ಜಾಸ್ತಿ ದೂರ ಏರಬೇಕು. ಅದೇ ತೋಳು ಡೆಡ್‌ಲಿಫ್ಟ್‌ನಲ್ಲಿ ವರ, ಅಷ್ಟಾಗಿ ಬಗ್ಗಬೇಕಿಲ್ಲ. ಅಮೆರಿಕದ ಲಮಾರ್ ಗ್ಯಾಂಟ್ 1985ರಲ್ಲಿ ತನ್ನ ಮೈತೂಕದ ಐದು ಪಟ್ಟು, ಅಂದರೆ ಸುಮಾರು 300 ಕೆ.ಜಿ. ಡೆಡ್‌ಲಿಫ್ಟ್ ಮಾಡಿದ. ಆತನ ತೋಳು ಉದ್ದ, ಬೆನ್ನುಮೂಳೆ ಡೊಂಕು. ಆ ಡೊಂಕಿನಿಂದ ಮುಂಡ ಗಿಡ್ಡವಾಗಿ, ಬಾರ್ ಏರಬೇಕಾದ ದೂರವೇ ಕಡಿಮೆಯಾಗಿತ್ತು.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. 70 ಕೆ.ಜಿ. ತೂಗುವವರು 100 ಕೆ.ಜಿ. ಸ್ಕ್ವಾಟ್ ಮಾಡಿದರೆ ಕಾಲುಗಳು ಎತ್ತುವುದು 100 ಅಲ್ಲ. ಮೊಣಕಾಲಿನ ಕೆಳಗಿನ ಭಾಗ ಬಿಟ್ಟು ಉಳಿದ ಮೈಯೂ ಮೇಲೇಳಬೇಕು. ಒಟ್ಟು 160ರ ಆಸುಪಾಸು. ಬೆಂಚ್‌ನಲ್ಲಿ ಮೈಭಾರವನ್ನು ಹಲಗೆ ಹೊತ್ತಿರುತ್ತದೆ.

ಸನ್ನೆಗೋಲಿನ ಆಟ ಒಲಿಂಪಿಕ್ಸ್‌ನಿಂದ ಒಂದು ವಿಭಾಗವನ್ನೇ ಹೊರಗೆ ಹಾಕಿಸಿದೆ. ಹಿಂದೆ ಅಲ್ಲಿನ ವೇಟ್‌ಲಿಫ್ಟಿಂಗ್‌ನಲ್ಲಿ ಪ್ರೆಸ್ ಕೂಡ ಪದಕದ ಲೆಕ್ಕಕ್ಕೆ ಬರುತ್ತಿತ್ತು. ಲಿಫ್ಟರ್‌ಗಳು ನೆಟ್ಟಗೆ ನಿಲ್ಲುವ ಬದಲು ಹಿಂದಕ್ಕೆ ಬಾಗಿ ಬಾಗಿ, ಎದೆಯ ಸ್ನಾಯುವನ್ನೂ ಕೆಲಸಕ್ಕೆ ಎಳೆದರು. ನಿಂತುಕೊಂಡೇ ಬೆಂಚ್ ಹೊಡೆದ ಹಾಗೆ! ಎಷ್ಟು ಬಾಗಿದರೆ ಫೌಲ್ ಅನ್ನುವುದು ತೀರ್ಪುಗಾರರಿಗೆ ಬಗೆಹರಿಯಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ಕೈಬಿಟ್ಟರು.

ಸರಿ, ಎತ್ತಿದ ಭಾರವನ್ನು ಮೈತೂಕದಿಂದ ಭಾಗಿಸಿ ಎಲ್ಲರನ್ನೂ ಹೋಲಿಸಿಬಿಟ್ಟರೆ ಮುಗೀತಲ್ವಾ? ಮುಗಿಯಲ್ಲ. ಸ್ನಾಯುವಿನ ಬಲ ಅದರ ದಪ್ಪವನ್ನು, ಅಂದರೆ ಅಡ್ಡ ಸೀಳಿದಾಗ ಕಾಣುವ ವಿಸ್ತೀರ್ಣವನ್ನು ಅವಲಂಬಿಸಿದೆ. ತೂಕವಾದರೋ ಗಾತ್ರದ ಜೊತೆ ಏರುತ್ತದೆ, ಮೈ ಹಿಗ್ಗಿದಾಗ ಗಾತ್ರ ವಿಸ್ತೀರ್ಣಕ್ಕಿಂತ ಬೇಗ ಬೆಳೆಯುತ್ತದೆ. ದೊಡ್ಡ ಪ್ರಾಣಿಗಳ ಮೂಳೆಗಳ ಬಗ್ಗೆ ಗೆಲಿಲಿಯೊ 1638ರಲ್ಲೇ ಇಂಥ ಮಾತು ಬರೆದಿದ್ದ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 56 ಕೆ.ಜಿ. ವಿಭಾಗ, ಕ್ಲೀನ್ ಅಂಡ್ ಜರ್ಕ್ (ನೆಲದಿಂದ ಹೆಗಲಿಗೆ, ಅಲ್ಲಿಂದ ತಲೆ ಮೇಲಕ್ಕೆ ಎತ್ತುವುದು) 138 ಕೆ.ಜಿ. ಅದೇ ಮೈಕಟ್ಟನ್ನು 112 ಕೆ.ಜಿ.ಗೆ ಹಿಗ್ಗಿಸಿದರೆ 276 ಎತ್ತಬೇಕು ಅನಿಸುತ್ತದೆ. ವಿಸ್ತೀರ್ಣದ ಲೆಕ್ಕ ಹಾಕಿದರೆ ಬಲ ಏರುವುದು 1.6 ಪಟ್ಟು ಅಷ್ಟೇ, ಹೆಚ್ಚೆಂದರೆ 220. ಅವರಿಗಿಂತ ಮೂರು ಪಟ್ಟು ತೂಗುತ್ತಿದ್ದ ಜಾರ್ಜಿಯಾದ ಲಾಶಾ ತಲಖಾಡ್ಜೆ 2021ರಲ್ಲಿ ವಿಶ್ವದಾಖಲೆ ಬರೆದಾಗ ಎತ್ತಿದ್ದೇ 267.